ಅತ್ತೆ ಕೇಳದೆ ಬಿಟ್ಟ ಮಾತು

ಅತ್ತೆ ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ಪುಂಡಿ ಪಲ್ಯದ ಸಲುವಾಗಿ ಜಗಳ ಆಡಿದೆವು. ಆಡಿದೆವು ಎಂದರೆ ತಪ್ಪಾದೀತು. ನಾನು ಆಡಿದೆ, ಅವರು ಕೇಳಿದರು. ಆ ಮನೆಯಲ್ಲಿ ಜಗಳಗಳು ಹಾಗೆಯೇ ನಡೆಯುತ್ತಿದ್ದವು.

ಕಾರ್ತಿಕ ಮಾಸ. ರಾಯಚೂರಿನಲ್ಲಿ ಚಳಿಗಾಲವೆಂದರೆ ಬಿಸಿಲು ಸ್ವಲ್ಪ ಸಂಕೋಚಪಟ್ಟು ಬೀಳುವ ಕಾಲ, ಅಷ್ಟೆ. ಪಡಸಾಲೆಯಲ್ಲಿ ಕೂತು ಇಬ್ಬರೂ ಪುಂಡಿ ಸೊಪ್ಪು ಬಿಡಿಸುತ್ತಿದ್ದೆವು. ನಾನು ದೇವದುರ್ಗದವಳು. ನಮ್ಮ ಮನೆಯಲ್ಲಿ ಪುಂಡಿ ಪಲ್ಯಕ್ಕೆ ಜೋಳದ ನುಚ್ಚು ಹಾಕುತ್ತಾರೆ. ಅತ್ತೆಯ ಕೈಯ ಪಲ್ಯಕ್ಕೆ ತೊಗರಿ ಬೇಳೆ. ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಬೇಳೆ ಹಾಕಿದ ಪಲ್ಯ ನನಗೆ ದಾರಿ ತಪ್ಪಿ ಬಂದ ಸಾರಿನಂತೆಯೇ ಕಾಣುತ್ತಿತ್ತು. ಅಂದು ಏಕೋ ಬಾಯಿ ಬಿಟ್ಟು ಹೇಳಿಬಿಟ್ಟೆ. ಬೇಳೆ ಹಾಕಿದ್ದು ಪುಂಡಿ ಪಲ್ಯವೇ ಅಲ್ಲ ಎಂದೆ. ಬೇರೆ ಮನೆಯಾಗಿದ್ದರೆ ನನ್ನ ತವರಿನ ಏಳು ತಲೆಮಾರಿನವರು ಎದ್ದು ಬಂದು ಒಲೆಯ ಮುಂದೆ ಉತ್ತರ ಕೊಡಬೇಕಾಗುತ್ತಿತ್ತು. ನಮ್ಮ ಅತ್ತೆ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟು ಸ್ವಲ್ಪ ಮುಂದೆ ಸರಿದು ಕೂತರು.

“ನಿಮ್ಮೂರಾಗ ನುಚ್ಚು ಯಾಕ ಹಾಕ್ತಾರ ಬೇ? ಬ್ಯಾಳಿ ಸಿಗಂಗಿಲ್ಲಂತನೋ, ರುಚಿಗೋ?”

ನನಗೆ ಗೊತ್ತಿರಲಿಲ್ಲ. ನುಚ್ಚು ಹಾಕುತ್ತೇವೆ ಎಂಬುದಷ್ಟೇ ಗೊತ್ತಿತ್ತು. ಹಟಕ್ಕೆ ಬೇಕಾದಷ್ಟು ಗೊತ್ತಿದ್ದರೆ ಸಾಕೆಂದು ಅಲ್ಲಿಗೇ ನಿಲ್ಲಿಸಿದ್ದೆ. ಅತ್ತೆ ಬಿಡಲಿಲ್ಲ. ನುಚ್ಚನ್ನು ಮೊದಲು ನೆನೆಸುತ್ತಾರೆಯೋ, ಹಾಗೆಯೇ ಹಾಕುತ್ತಾರೆಯೋ, ಮರುದಿನಕ್ಕೆ ಗಟ್ಟಿಯಾಗುತ್ತದೆಯೋ ಎಂದೆಲ್ಲ ಕೇಳಿ, ಕೊನೆಗೆ ಪಲ್ಯವನ್ನು ಎರಡು ಗಡಿಗೆಯಲ್ಲಿ ಮಾಡಿಸಿದರು. ನುಚ್ಚಿನದನ್ನು ಎರಡು ಸಲ ಹಾಕಿಸಿಕೊಂಡು ಉಂಡರು. ನುಚ್ಚು ಹುಳಿಯನ್ನು ಹಿಡಿದುಕೊಳ್ಳುತ್ತದೆ, ಬೇಳೆ ಬಿಟ್ಟುಕೊಡುತ್ತದೆ ಎಂದು ತೀರ್ಪು ಹೇಳಿದರು. ಹುಟ್ಟಿದಾಗಿನಿಂದ ನುಚ್ಚಿನ ಪಲ್ಯ ಉಂಡ ನನಗೆ ಅದು ಹೊಸ ಸುದ್ದಿ.

ಕೈ ತೊಳೆದು ಬಂದು, ಒರೆಸಿಕೊಳ್ಳುತ್ತ, ಯಾರಿಗೋ ಹೇಳುವಂತೆ ಅಂದರು, “ನಮ್ಮ ಸಿದ್ದಿ ಎರಡೂ ಹಾಕ್ತಾಳ. ಯಾಕ ಹಾಕ್ತಾಳೋ, ಒಮ್ಮಿ ಕೇಳಬೇಕು.”

ಸಿದ್ದಿ ಎಂದರೆ ಸಿದ್ದಮ್ಮ, ಅತ್ತೆಯ ಸ್ವಂತ ತಂಗಿ, ಮಾನ್ವಿಗೆ ಕೊಟ್ಟವಳು. ನಾನು ಸಣ್ಣತ್ತಿ ಎಂದು ಕರೆಯಬೇಕಾದವಳು. ಆ ಹೆಸರು ಆ ಮನೆಯಲ್ಲಿ ಕೇಳಿ ನಾಲ್ಕೈದು ವರ್ಷವಾಗಿತ್ತು. ಅಕ್ಕತಂಗಿಯರ ನಡುವೆ ಮಾತಿರಲಿಲ್ಲ. ಗುಬ್ಬಿ ಹೆದರಿ ಹಾರಿಹೋದೀತೆಂದು ಮೆಲ್ಲಗೆ ಹೆಜ್ಜೆಯಿಡುವವರಂತೆ ನಾನು ಗಡಿಗೆಗಳನ್ನು ಸದ್ದಿಲ್ಲದೆ ಎತ್ತಿಟ್ಟೆ. ಆಮೇಲೆ ಆದಷ್ಟು ಸಾಧಾರಣ ದನಿಯಲ್ಲಿ, ಶುಕ್ರವಾರದ ಬಸ್ಸಿಗೆ ಹೋಗಿ ಬರಬಾರದೇಕೆ ಎಂದೆ. “ನೋಡೂನು” ಎಂದರು. ಬೇರೆಯವರ ಬಾಯಲ್ಲಿ ಆ ಮಾತಿಗೆ ಇಲ್ಲ ಎಂದು ಅರ್ಥ. ನಮ್ಮ ಅತ್ತೆಯ ಬಾಯಲ್ಲಿ ಹೌದು. ಸಂಜೆ ಗಂಟಿನೊಳಗಿಂದ ಒಳ್ಳೆಯ ಸೀರೆ ತೆಗೆದು ಗಾಳಿಗೆ ಹರವಿದ್ದನ್ನೂ ಕಂಡೆ.

ಮರುದಿನ ಬೆಳಿಗ್ಗೆ ನೀರಿಗೆ ಹೋದವರು ಬಾವಿಕಟ್ಟೆಯ ಮೇಲೆ ಕೂತರು. ಏಳಲಿಲ್ಲ. ಶುಕ್ರವಾರ ಇನ್ನೂ ದೂರವಿತ್ತು.

ಅವರ ವಿಷಯ ಬರೆಯಲು ಕೂತರೆ ಮೊದಲು ನನ್ನ ವಿಷಯವೇ ಬರುತ್ತದೆ, ಏನು ಮಾಡಲಿ. ಜಗಳಕ್ಕೆ ತಯಾರಾಗಿ ಬಂದ ಸೊಸೆ ನಾನು. ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ, ಅದೂ ಉರ್ದುವಿನಲ್ಲಿ. ಕನ್ನಡ ಅಕ್ಷರ ನಮ್ಮ ಕಾಕಾ ಮನೆಯಲ್ಲಿ ತಿದ್ದಿಸಿದ್ದು. ಉಳಿದ ವಿದ್ಯೆಯೆಲ್ಲ ಅಜ್ಜಿಯದು. ಲಗ್ನ ಗೊತ್ತಾದ ದಿನದಿಂದ ಅಜ್ಜಿ ನನ್ನನ್ನು ಬೀಸುಕಲ್ಲಿನ ಎದುರಿಗೆ ಕೂಡಿಸಿಕೊಂಡು ಅತ್ತೆಗೆ ಕೊಡಬೇಕಾದ ಉತ್ತರಗಳನ್ನು ಬಾಯಿಪಾಠ ಮಾಡಿಸಿದಳು. ಅತ್ತೆ ಹೀಗೆ ಅಂದರೆ ನೀನು ಹೀಗೆ ಅನ್ನು, ಹಾಗೆ ಅಂದರೆ ಹೀಗೆ ಅನ್ನು. ಹಿಟ್ಟು ಒಂದು ಕಡೆ ಬೀಳುತ್ತಿತ್ತು, ಮಾತು ಇನ್ನೊಂದು ಕಡೆ. ಒಂದಕ್ಕಿಂತ ಒಂದು ಹರಿತ. ಅಜ್ಜಿಗೆ ತನ್ನ ಅತ್ತೆಯ ಎದುರು ಅಂದು ಹೊಳೆಯದೆ, ಆಮೇಲೆ ವರ್ಷಗಟ್ಟಲೆ ಕೂತು ಮಸೆದ ಮಾತುಗಳು ಅವು. ತವರಿನಿಂದ ನನಗೆ ಸೀರೆ ಪಾತ್ರೆ ಕೊಟ್ಟದ್ದು ಊರಿಗೆ ಕಂಡಿತು. ಇದು ಯಾರಿಗೂ ಕಾಣಲಿಲ್ಲ.

ರಾಯಚೂರಿಗೆ ಬಂದು ನಾನು ಕಾಯುತ್ತ ಕೂತೆ. ಅತ್ತೆ ಏನೂ ಅನ್ನಲೊಲ್ಲರು. ಚಿಂತೆಯಾಯಿತು. ಕಡೆಗೊಂದು ದಿನ ನಾನು ಬಡಿದ ರೊಟ್ಟಿಯನ್ನು ಬೆರಳಿನಿಂದ ಮುಟ್ಟಿ ನೋಡಿ, ಸ್ವಲ್ಪ ದಪ್ಪ ಆಯಿತೇನೋ ಎಂದರು. ನನಗೆ ಬೇಕಾದದ್ದು ಅಷ್ಟೆ. ಅಜ್ಜಿಯ ಭಂಡಾರದಲ್ಲಿ ರೊಟ್ಟಿಗೆಂದೇ ಒಂದು ಇತ್ತು.

“ನಮ್ಮ ಕಡೆ ತೆಳ್ಳಗ ಬಡಿಯೂದು ಜ್ವಾಳ ಇಲ್ಲದವರು” ಎಂದೆ.

ಅತ್ತೆಯ ಕೈ ನಿಂತಿತು. ಒಲೆಯ ಬೆಂಕಿಯಲ್ಲಿ ಅವರ ಮುಖ ಕೆಂಪಾದದ್ದನ್ನು ಕಂಡು, ಆಯಿತು, ಇನ್ನು ಶುರು ಎಂದು ಸೆರಗು ಸಿಗಿಸಿದೆ. ಅವರು ನಗುತ್ತಿದ್ದರು.

“ಎಷ್ಟು ಛಲೋ ಅಂದಿ ಬೇ. ಯಾರು ಕಲಿಸಿದ್ರು?”

“ನಮ್ಮಜ್ಜಿ.”

“ಇನ್ನೊಂದು ಅನ್ನು ನೋಡೂನು.”

ಇನ್ನೊಂದು ಅಂದೆ. ಅದು ಸಾರಿಗೆ ಸಂಬಂಧಿಸಿದ್ದು, ನಮ್ಮ ತವರಿನ ಬೆಕ್ಕು ಮತ್ತು ಇವರ ಮನೆಯ ಸಾರು ಅದರೊಳಗೆ ಬರುತ್ತಿದ್ದವು. ಅವರು ನಕ್ಕ ಭರಕ್ಕೆ ಹಿಟ್ಟಿನ ಪರಾತ ಅಲ್ಲಾಡಿತು. ಸಂಜೆ ಮಗ ಮನೆಗೆ ಬಂದಕೂಡಲೆ ಅವನನ್ನೂ ಕೂಡಿಸಿ ನನ್ನಿಂದ ಮತ್ತೊಮ್ಮೆ ಹೇಳಿಸಿದರು. ಮೂರು ಸಂಜೆಯೊಳಗೆ ನನ್ನ ಭಂಡಾರ ಬರಿದಾಯಿತು. ರಾಯಚೂರಿನ ಕಿಲ್ಲೆಯನ್ನು ಎಷ್ಟೋ ರಾಜರು ಬಂದು ಮುತ್ತಿದ್ದಾರಂತೆ. ಅವರಲ್ಲಿ ಯಾರನ್ನೂ ಒಳಗಿನವರು ಬಾಗಿಲು ತೆಗೆದು, ನಿಮ್ಮ ತೋಪು ಬಹಳ ಚೆನ್ನಾಗಿದೆ, ಎಲ್ಲಿ ಮಾಡಿಸಿದಿರಿ ಎಂದು ಕೇಳಿರಲಿಕ್ಕಿಲ್ಲ. ನನ್ನ ಗತಿ ಅದಾಯಿತು.

ಇಷ್ಟು ಓದಿ ನಮ್ಮ ಅತ್ತೆ ದೇವತೆಯಂಥವರು ಎಂದು ನೀವು ತಿಳಿದರೆ, ನೀವು ಅವರೊಂದಿಗೆ ಒಂದು ದಿನವೂ ಇದ್ದವರಲ್ಲ. ಕೇಳುವವರ ಜೊತೆ ಬಾಳುವೆ ಸುಲಭವಲ್ಲ. ಸಿಟ್ಟು ಎನ್ನುವುದು ಬಿಸಿ ಇರುವಾಗಲೇ ಬಡಿಸಬೇಕಾದ ಪದಾರ್ಥ. ನಮ್ಮ ಅತ್ತೆ ಅದನ್ನು ಹಾಗೆ ಬಡಿಸಗೊಡುತ್ತಿರಲಿಲ್ಲ. ಎಲ್ಲಿಂದ ತಂದೆ, ಯಾವಾಗ ತಂದೆ, ನಿನ್ನೆಯೇ ಇತ್ತೋ ಇವತ್ತಿನದೋ ಎಂದು ಕೇಳಿ ಕೇಳಿ ಕೈಯಲ್ಲೇ ಆರಿಸಿಬಿಡುತ್ತಿದ್ದರು. ಆರಿದ ಮೇಲೆ ನೋಡಿದರೆ ಅದು ಬೇರೆ ಯಾರದೋ ಮನೆಯದಾಗಿರುತ್ತಿತ್ತು. ನಮ್ಮ ಮನೆಯವರು ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಒಂದು ಸಂಜೆ ಬಂದವರೇ ನೀರು ತಣ್ಣಗಿದೆ ಎಂದು ನನ್ನ ಮೇಲೆ ಹಾರಾಡಿದರು. ಅತ್ತೆ ಮಗನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ವಿಚಾರಿಸಲು ತೊಡಗಿದರು. ದೀಪ ಹಚ್ಚುವ ಹೊತ್ತಿಗೆ ಸಿಟ್ಟು ನೀರಿನದಲ್ಲ, ಜಿನ್ನಿನ ಸೇಠನದು ಎಂದು ಮಗ ಒಪ್ಪಿಕೊಂಡಿದ್ದ. ಅಂದಿನಿಂದ ಅವರು ಸಿಟ್ಟು ಬಂದ ದಿನ ತೀನ್ ಕಂದೀಲ್ ಚೌಕದ ಹೋಟೆಲಿನಲ್ಲಿ ಕೂತು, ಚಹಾ ಕುಡಿದು, ಅದನ್ನು ಅಲ್ಲಿಯೇ ಬಿಟ್ಟು ಮನೆಗೆ ಬರುವ ರೂಢಿ ಮಾಡಿಕೊಂಡರು.

ಓಣಿಯಲ್ಲಿಯೂ ಅದೇ ಕಥೆ. ಪಕ್ಕದ ಮಹಬೂಬಿಯ ಕೋಳಿಗೂ ಎದುರಿನ ಗುಂಡಮ್ಮನ ಒಣಮೆಣಸಿನಕಾಯಿಗೂ ಹಳೆಯ ವೈರ. ಕೋಳಿ ಕೆದರಿದ ಕೂಡಲೆ ಇಬ್ಬರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಬೇರೆಯವರು ಜಗಳ ನೋಡಲು ಬರುತ್ತಿದ್ದರು. ಅತ್ತೆ ಮಣೆ ತೆಗೆದುಕೊಂಡು ಹೋಗಿ ನಡುವೆಯೇ ಕೂಡುತ್ತಿದ್ದರು. ಯಾವ ಕೋಳಿ? ಬಿಳಿಯದೋ, ಕೆಂಪನೆಯದೋ? ಅದು ಮೆಣಸಿನಕಾಯಿ ತಿನ್ನುತ್ತದೆಯೋ, ಬೀಜ ಮಾತ್ರವೋ? ತಿಂದ ಮೇಲೆ ನೀರು ಕುಡಿಯುತ್ತದೆಯೋ? ಬಾಯಿ ಮಾಡುತ್ತಿದ್ದ ಇಬ್ಬರೂ ಬಾಯಿ ಮುಚ್ಚಿ ಕೋಳಿಯ ಹಿಂದೆ ಹೋಗಿ ನೋಡಿ ಬರಬೇಕಾಗುತ್ತಿತ್ತು. ಮಹಬೂಬಿ ಒಮ್ಮೆ ಬೇಸತ್ತು ಹೇಳಿಯೇ ಬಿಟ್ಟಳು, “ದ್ಯಾವಮ್ಮಾ, ನೀ ಇದ್ರ ಜಗಳಾ ಜಮಾಸಂಗಿಲ್ಲ ನೋಡು.” ಅತ್ತೆ ಅದಕ್ಕೂ, ಜಗಳ ಜಮಾಸಿ ರಂಗೇರಬೇಕಾದರೆ ಏನೇನು ಬೇಕು ಎಂದು ಕೇಳಿದರು.

ಎಲ್ಲ ಕಡೆಗೂ ಇದು ನಡೆಯಿತೆಂದಲ್ಲ. ಜರ್ಮನಿಯ ಲಡಾಯಿಯ ಕಾಲ, ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು. ಅತ್ತೆ ಎಣ್ಣೆ ಅಳೆಯುವವನನ್ನು, ನಿನ್ನ ಮಾಪಿನ ತಳ ಯಾಕೆ ಒಳಗೆ ಉಬ್ಬಿದೆ, ಬಿದ್ದಿತ್ತೋ, ಹುಟ್ಟಿನಿಂದಲೇ ಹಾಗೆಯೋ ಎಂದು ನಿಜವಾದ ಆಸಕ್ತಿಯಿಂದಲೇ ಕೇಳಿದರು. ಅವನು ನಗುತ್ತ ಏನೋ ಹೇಳಿದ. ಆಮೇಲೆ ಬಹಳ ದಿನ ನಮ್ಮ ಸರತಿ ಬರುವ ಹೊತ್ತಿಗೇ ಎಣ್ಣೆ ತೀರುತ್ತಿತ್ತು. ನಿಜಾಮನ ಹಾಲಿ ಸಿಕ್ಕ ನಾಣ್ಯ ತುಂಗಭದ್ರೆ ದಾಟಿದರೆ ಹೇಗೆ ನಡೆಯುತ್ತಿರಲಿಲ್ಲವೋ, ಹಾಗೆ ಅತ್ತೆಯ ಪ್ರಶ್ನೆಗೂ ಒಂದು ಗಡಿ ಇತ್ತು. ಕತ್ತಲಲ್ಲಿ ಕೂತು ಉಂಡೆವು. ಅವನು ಮಾಪನ್ನು ಯಾರ ಕೈಯಲ್ಲಿ ಮಾಡಿಸಿರಬಹುದು ಎಂದು ಅತ್ತೆ ಕತ್ತಲಲ್ಲಿಯೂ ಯೋಚಿಸುತ್ತಿದ್ದರು.

ಇಂಥವರು ಒಬ್ಬರನ್ನು ಮಾತ್ರ ಕೇಳಲಿಲ್ಲ. ಅದನ್ನು ಹೇಳಲಿಕ್ಕೇ ಇಷ್ಟು ದೂರ ಬಂದೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರ ಮನೆಯಿಂದಲಾದರೂ ಬುಟ್ಟಿಯಲ್ಲಿಯೋ ಪಾತ್ರೆಯಲ್ಲಿಯೋ ತಿನ್ನುವ ವಸ್ತು ಬಂದರೆ, ಅದನ್ನು ಬರಿದು ಮಾಡಿ ಹಾಗೆಯೇ ತಿರುಗಿ ಕೊಡಬಾರದು. ಒಂದು ಹಿಡಿ ಜೋಳವೋ, ಬೆಲ್ಲದ ಚೂರೋ ಹಾಕಿ ಕೊಡಬೇಕು. ಏನೂ ಇಲ್ಲದ ಮನೆಯಾದರೆ ಅಂಗಳದ ಬೇವಿನ ಎಲೆಯಾದರೂ ಸರಿ. ಖಾಲಿ ಕೊಟ್ಟರೆ, ಇನ್ನು ನಿಮ್ಮದು ನಮಗೆ ಬೇಡ, ನಮ್ಮದು ನಿಮಗೆ ಬೇಡ ಎಂದಂತೆ. ಬಾಯಿಂದ ಬೈದರೆ ಮರೆಯಬಹುದು. ಖಾಲಿ ಬುಟ್ಟಿಯನ್ನು ಯಾರೂ ಮರೆಯುವುದಿಲ್ಲ.

ನಾಗರಪಂಚಮಿಯ ಮುನ್ನಾದಿನ ರೊಟ್ಟಿ ಹಬ್ಬ. ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಹಿಂಡಿ ಚಟ್ನಿ, ಪಲ್ಯ ಎಲ್ಲ ಮಾಡಿ ಮನೆಯಿಂದ ಮನೆಗೆ ಹಂಚುತ್ತಾರೆ. ಅತ್ತೆ ಪ್ರತಿ ವರ್ಷ ಒಂದು ಬುಟ್ಟಿ ತುಂಬಿ, ಬಟ್ಟೆ ಕಟ್ಟಿ, ಮಾನ್ವಿಯ ತಂಗಿಗೆ ಕಳಿಸುತ್ತಿದ್ದರು. ಒಯ್ಯುವವನು ಕುರ್ಡಿಯ ತಿಮ್ಮಣ್ಣ. ರಾಯಚೂರಿನ ಗಂಜ್ ಪೇಟೆಗೆ ಬಂಡಿ ಹೊಡೆದುಕೊಂಡು ಬಂದು ಹೋಗುವವನು. ಊರಿಗೆ ತಿರುಗುವಾಗ ಮಾನ್ವಿಗೂ ಹೋಗುತ್ತಿದ್ದ. ಸಿದ್ದಮ್ಮ ಬುಟ್ಟಿಯನ್ನು ಅಲ್ಲಿಯೇ ಬರಿದು ಮಾಡಿ, ತನ್ನದೇನಾದರೂ ತುಂಬಿ ಅವನ ಕೈಗೇ ಕೊಡುತ್ತಿದ್ದಳು. ಅವನು ಮುಂದಿನ ಸಲ ರಾಯಚೂರಿಗೆ ಬಂದಾಗ ನಮಗೆ ಮುಟ್ಟಿಸುತ್ತಿದ್ದ. ಒಂದು ವರ್ಷ ಶೇಂಗಾ ಉಂಡೆ ಬಂದಿತ್ತು, ಇನ್ನೊಂದು ವರ್ಷ ಹುರಿದ ಜೋಳದ ಅರಳು.

ಆ ವರ್ಷ ಬುಟ್ಟಿ ಖಾಲಿ ಬಂತು.

ಅತ್ತೆ ಬಟ್ಟೆ ಬಿಚ್ಚಿದರು. ಒಳಗೆ ಕೈ ಆಡಿಸಿದರು. ಬೋರಲು ಹಾಕಿ ತಳ ತಟ್ಟಿದರು. ಒಂದು ಕಾಳು ಬೀಳಲಿಲ್ಲ. ತಿಮ್ಮಣ್ಣ ಅಂಗಳದಲ್ಲಿಯೇ ನಿಂತಿದ್ದ, ನೀರು ಕುಡಿಯುತ್ತಿದ್ದ. ಬೀದಿಯಲ್ಲಿ ಹೋಗುವವರನ್ನು ಕರೆದು ಅವರ ಎತ್ತಿನ ಕೋಡು ಯಾಕೆ ವಾರೆಯಾಗಿದೆ ಎಂದು ಕೇಳುವ ನಮ್ಮ ಅತ್ತೆ ಅವನನ್ನು ಏನೂ ಕೇಳಲಿಲ್ಲ. ಬುಟ್ಟಿಯನ್ನು ಗೂಟಕ್ಕೆ ಹಾಕಿ ಒಳಗೆ ಹೋದರು. ನಾನು ಹಿಂದೆಯೇ ಹೋಗಿ, ಏನಾಯಿತೆಂದು ಕೇಳಿಸಬಾರದೇ ಎಂದೆ.

“ಕೇಳೂದೇನದ ಅದರಾಗ? ಆಕಿ ಹೇಳೂದು ಹೇಳ್ಯಾಳ.”

ಅಷ್ಟೆ. ಮುಂದಿನ ವರ್ಷ ಬುಟ್ಟಿ ಹೋಗಲಿಲ್ಲ. ಅತ್ತ ಕಡೆಯಿಂದಲೂ ಏನೂ ಬರಲಿಲ್ಲ. ಬುಟ್ಟಿ ಖಾಲಿ ಬಂದ ವರ್ಷವೇ, ದಸರೆಯಾದ ಮೇಲೆ, ಯಾರೋ ಸುದ್ದಿ ತಂದಿದ್ದರು. ಸಿದ್ದಮ್ಮನ ಮಗಳು ನಾಗಿ ಹೆರಿಗೆಗೆಂದು ತವರಿಗೆ ಬಂದಿದ್ದಳಲ್ಲ, ಆ ಕೂಸು ಉಳಿಯಲಿಲ್ಲವಂತೆ. ಯಾವಾಗ ಹೋಯಿತೆಂದು ತಂದವರಿಗೂ ಸರಿಯಾಗಿ ಗೊತ್ತಿರಲಿಲ್ಲ, ನಾವೂ ಕೇಳಲಿಲ್ಲ. ಹಸಿಗೂಸಿನ ಸಾವಿಗೆ ನಮ್ಮಲ್ಲಿ ಊರೂರಿಗೆ ಹೇಳಿ ಕಳಿಸುವ ಪದ್ಧತಿ ಇಲ್ಲ. ಆದರೂ ಅಕ್ಕನಿಗೆ ಹೇಳಬೇಕಿತ್ತು. ಅತ್ತೆಗೆ ಇದು ಮೊದಲನೆಯದರ ಮೇಲೆ ಎರಡನೆಯ ಪೆಟ್ಟಾಯಿತು. ಕೂಸು ಹೋದರೂ ಒಂದು ಮಾತು ಕಳಿಸಲಿಲ್ಲ ಎಂದು ಅಂದವರು, ತಂಗಿಯನ್ನು ಮಾತಾಡಿಸಿ ಬರಲು ಹೋಗಲಿಲ್ಲ.

ಮನುಷ್ಯರು ವಿಚಿತ್ರ. ಮಾನ್ವಿಯಿಂದ ಯಾರೇ ಬರಲಿ, ಅತ್ತೆ ಅವರನ್ನು ಕೂಡಿಸಿ, ನೀರು ಕೊಟ್ಟು, ಮಳೆ ಹೇಗಿದೆ, ಜೋಳ ಹೇಗಿದೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಬಸ್ಸು ನಿಲ್ಲುವಲ್ಲಿ ಒಂದು ಬೇವಿನ ಮರವಿತ್ತಲ್ಲ, ಅದರ ಎದುರಿನ ಮನೆಯ ಗೋಡೆ ಈ ಮಳೆಗೆ ತಡೆಯಿತೇ ಎಂದೆಲ್ಲ ವಿಚಾರಿಸುತ್ತಿದ್ದರು. ಆ ಗೋಡೆ ಸಿದ್ದಮ್ಮನ ಮನೆಯದು. ಗೋಡೆಯವರೆಗೆ ಬರುತ್ತಿದ್ದರು. ಒಳಗೆ ಹೋಗುತ್ತಿರಲಿಲ್ಲ.

ಅವರದೇ ವಿದ್ಯೆಯನ್ನು ನಾನೊಮ್ಮೆ ಅವರ ಮೇಲೆ ನಡೆಸಿ ನೋಡಿದೆ. ಕೌದಿ ಹೊಲಿಯುತ್ತಿದ್ದರು. ಹತ್ತಿರ ಹೋಗಿ ಕೂತು, ಅವರಂತೆಯೇ ಸ್ವಲ್ಪ ಮುಂದೆ ಸರಿದು ಕೇಳಿದೆ, “ಅತ್ತಿ, ಎಲ್ಲಾರನ್ನೂ ಕೇಳ್ತೀರಿ. ಸಣ್ಣತ್ತಿನ್ನ ಯಾಕ ಕೇಳಂಗಿಲ್ಲ?”

ಸೂಜಿ ನಿಂತಿತು.

“ಮಂದಿನ್ನ ಕೇಳಬಹುದು. ಅವರು ಏನಂದ್ರೂ ನನಗೇನು? ಆಕಿ ‘ಹೌದು, ಬ್ಯಾಡಾಗಿತ್ತು’ ಅಂದ್ರ ನಾ ಎಲ್ಲಿ ಹೋಗ್ಲಿ? ಹೋಗು, ಒಲಿ ನೋಡು.”

ಅವರು ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ. ಅಂಥದೊಂದು ಗಳಿಗೆಗಾಗಿ ನಾನು ದೇವದುರ್ಗದಿಂದ ತಯಾರಾಗಿ ಬಂದಿದ್ದೆ. ಎದ್ದು ಹೋಗಿ ಒಲೆ ನೋಡಿದೆ. ಒಲೆ ಹೊತ್ತಿಯೇ ಇರಲಿಲ್ಲ.

ಆಮೇಲಿನದು ನಿಮಗೆ ಹೇಳಿದ್ದೇನೆ. ಪಲ್ಯದ ನೆಪ ಸಿಕ್ಕಿತು. ತಂಗಿಯನ್ನು ಬುಟ್ಟಿಯ ವಿಷಯ ಕೇಳಲು ಧೈರ್ಯ ಸಾಲದವರು ನುಚ್ಚಿನ ವಿಷಯ ಕೇಳಲು ಹೊರಟಿದ್ದರು. ದೊಡ್ಡ ಬಾಗಿಲು ಹಾಕಿದ್ದರೆ ಹಿತ್ತಿಲಿನಿಂದ ಹೋಗುವಂತೆ. ಹೋಗಿದ್ದರೆ ಬುಟ್ಟಿಯ ಮಾತು ತಾನಾಗಿ ಬರುತ್ತಿತ್ತು. ನಮ್ಮ ಅತ್ತೆಯ ಎದುರು ಕೂತು ಯಾವ ಮಾತೂ ಹೊರಗೆ ಬರದೆ ಉಳಿದದ್ದಿಲ್ಲ.

ಸುದ್ದಿ ಮಾನ್ವಿಗೆ ಹೋಗಿ ಸಿದ್ದಮ್ಮ ಬರುವ ಹೊತ್ತಿಗೆ ಮಣ್ಣು ಆಗಿಹೋಗಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತುಕೊಂಡೇ ಬಂದಳು. ಅಕ್ಕನಂತೆಯೇ ಮೂಗು, ಅಕ್ಕನಂತೆಯೇ ನಡಿಗೆ. ದೂರದಿಂದ ಕಂಡವಳನ್ನು ನೋಡಿ ನನಗೆ ಒಮ್ಮೆ ಕಣ್ಣು ಕಟ್ಟಿದಂತಾಯಿತು. ಹತ್ತಿರ ಬಂದಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಬಾರದವಳು ಈಗ ಬಂದಿದ್ದಾಳೆ. ಇರುವಾಗ ಖಾಲಿ ಕೊಟ್ಟವಳು ಸತ್ತಾಗ ತುಂಬಿಕೊಂಡು ಬಂದಿದ್ದಾಳೆ. ಬರಿದಾದ ಭಂಡಾರದ ಮೂಲೆಯಲ್ಲಿ ಅಜ್ಜಿಯ ಒಂದೆರಡು ಮಾತು ಇನ್ನೂ ಉಳಿದಿದ್ದವು ಎಂದು ಆಗ ತಿಳಿಯಿತು. ನಾಲಿಗೆಯ ತುದಿಗೇ ಬಂದವು. ಆದರೆ ಅವಳು ಗೋಡೆಗೆ ಒರಗಿ, ಅಳದೆ, ಅಕ್ಕ ಕೂಡುತ್ತಿದ್ದ ಜಾಗ ಯಾವುದು ಎಂದು ಕೇಳಿದಳು. ತೋರಿಸಿದೆ. ಅದರ ಪಕ್ಕದಲ್ಲಿ ಕೂತಳು, ಅದರ ಮೇಲೆ ಕೂಡಲಿಲ್ಲ.

ಎಲ್ಲರ ಊಟವಾಯಿತು. ಅವಳು ಹೊರಡಲು ಎದ್ದಳು. ನಾನು ಬುಟ್ಟಿ ತೊಳೆದು, ಒರೆಸಿ, ಖಾಲಿಯಾಗಿಯೇ ಕೊಟ್ಟೆ. ಸಿಟ್ಟಿನಿಂದಲ್ಲ. ಸೂತಕದ ಮನೆಯಿಂದ ಕಾಳು, ಬೆಲ್ಲ, ಉಪ್ಪು, ಬೆಂಕಿ ಏನೂ ಹೊರಗೆ ಹೋಗುವಂತಿಲ್ಲ. ಬೇವಿನ ಎಲೆಯೂ ಇಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ.

ಸಿದ್ದಮ್ಮ ಬುಟ್ಟಿಯನ್ನು ಕೈಯಲ್ಲಿ ಹಿಡಿದು ಒಳಗೆ ನೋಡುತ್ತ ನಿಂತಳು. ಆಮೇಲೆ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ತಪ್ಪು ತಿಳಿದಳೇನೋ ಎಂದು ನಾನು ಸೂತಕದ ಮಾತು ತೆಗೆದೆ. ಅವಳು ಕೈ ಅಡ್ಡ ಮಾಡಿದಳು.

“ಗೊತ್ತದವ್ವಾ. ನಾನೂ ಹಿಂಗ ಕೊಟ್ಟಿದ್ದೆ.”

ಅಲ್ಲಿ ನಾನು ಬಹಳ ಅನ್ನಬಹುದಿತ್ತು. ಬಾಯಿಗೆ ಬಂದದ್ದು ಒಂದೇ.

“ಹಂಗಂದ್ರ?”

ಸಿದ್ದಮ್ಮ ಬುಟ್ಟಿಯ ಅಂಚನ್ನು ಸವರುತ್ತ ಹೇಳಿದಳು. “ಆವತ್ತ ನಸಿಕಿನ್ಯಾಗ ನಮ್ಮ ನಾಗಿ ಕೂಸು ಹೋತು. ತಿಮ್ಮಣ್ಣ ಬಂಡಿ ನಿಂದರ್ಸಿದಾಗ ಇನ್ನಾ ಆಕಿ ತೊಡಿ ಮ್ಯಾಲೇ ಇತ್ತು. ಸೂತಕದ ಮನ್ಯಾಗಿಂದ ಏನು ಹಾಕಿ ಕೊಡ್ಲಿ? ರೊಟ್ಟಿ ತಗದಿಟ್ಟು ಬುಟ್ಟಿ ಹಂಗ ಕೊಟ್ಟೆ.”

ತಿಮ್ಮಣ್ಣನಿಗೆ ಹೇಳಿ ಕಳಿಸಬಹುದಿತ್ತಲ್ಲ ಎಂದೆ.

“ಹಬ್ಬದ ದಿನ ಅಳೂ ಸುದ್ದಿ ಬಂಡ್ಯಾಗ ಹಾಕಿ ಕಳಸ್ಲೇನು? ಹೆಂಗೂ ಅಕ್ಕ ಕೇಳ್ತಾಳ, ಆವಾಗ ಹೇಳಿದ್ರಾತು ಅಂದ್ಕೊಂಡೆ. ಇರಿವಿನ್ನ ನಿಂದರ್ಸಿ ಎಲ್ಲಿಗೆ ಹೊಂಟೀದಿ ಅಂತ ಕೇಳಾಕಿ ಆಕಿ. ಬುಟ್ಟಿ ಯಾಕ ಖಾಲಿ ಅಂತ ಕೇಳಾಕ ಓಡಿ ಬರ್ತಾಳ ಅಂತ ಬಾಗಿಲದಾಗ ಕುಂತೆ.” ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಅಂದಳು, “ಬರಲಿಲ್ಲ. ಊರೆಲ್ಲಾ ಕೇಳಾಕಿ ನನ್ನೊಬ್ಬಾಕಿನ್ನ ಕೇಳಲಿಲ್ಲ.”

ಹೀಗಿತ್ತು ವ್ಯವಹಾರ. ತಂಗಿಯೇ ಹೇಳಲಿ ಎಂದು ಅಕ್ಕ ಕಾಯುತ್ತಿದ್ದರು. ಅಕ್ಕನೇ ಕೇಳಲಿ ಎಂದು ತಂಗಿ ಕಾಯುತ್ತಿದ್ದಳು. ನಡುವೆ ದಿನಕ್ಕೊಂದು ಬಸ್ಸು ಇತ್ತಿಂದತ್ತ ಖಾಲಿ ಸೀಟು ಹೊತ್ತುಕೊಂಡು ಓಡಾಡುತ್ತಿತ್ತು. ಕೂಸು ಹೋದಾಗ ಮಾತಾಡಿಸಲು ಅಕ್ಕ ಬರಲಿಲ್ಲವೆಂಬುದು ಇವಳ ದುಃಖ. ಕೂಸಿನ ಸುದ್ದಿ ಹೇಳಿ ಕಳಿಸಲಿಲ್ಲವೆಂಬುದು ಅವರ ದುಃಖ. ಇಬ್ಬರದೂ ಒಂದೇ ಕೂಸು. ಖಾಲಿ ಬುಟ್ಟಿಗೆ ನಮ್ಮಲ್ಲಿ ಎರಡು ಅರ್ಥವಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅತ್ತೆ 'ಸಾಕು' ಎಂಬ ಅರ್ಥವನ್ನು ಹಿಡಿದರು. 'ಸಾವು' ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹಬ್ಬದ ದಿನದ ಬುಟ್ಟಿಯಲ್ಲವೇ, ಯಾರಿಗೆ ಹೊಳೆದೀತು.

ಸಿದ್ದಮ್ಮ ಹೋಗುವ ಮೊದಲು ಕೇಳಿದಳು, “ನಮ್ಮಕ್ಕ ನನ್ನ ಬೈತಿದ್ದಳೇನು?”

ಬೈಯುತ್ತಿರಲಿಲ್ಲ ಎಂದೆ. ನಿಮ್ಮ ಹೆಸರನ್ನೇ ತೆಗೆಯುತ್ತಿರಲಿಲ್ಲ ಎಂಬುದನ್ನು ಹೇಳುವುದು ಬೇಡವೆನಿಸಿತು. ಶುಕ್ರವಾರದ ಬಸ್ಸಿಗೆ ನಿಮ್ಮಲ್ಲಿಗೆ ಬರುವವರಿದ್ದರು, ಸೀರೆಯನ್ನೂ ತೆಗೆದಿಟ್ಟಿದ್ದರು ಎಂದಷ್ಟೇ ಹೇಳಿದೆ. ಯಾವ ಸೀರೆ ತೆಗೆದಿಟ್ಟಿದ್ದಳು ಎಂದು ಸಿದ್ದಮ್ಮ ಕೇಳಿದಳು. ಒಬ್ಬಳೇ ಬರುವವಳೋ, ನಿನ್ನನ್ನೂ ಕರೆದುಕೊಂಡು ಬರುವವಳೋ ಎಂದು ಕೇಳಿದಳು. ಉಳಿಯುವವಳೋ, ಅಂದೇ ತಿರುಗುವವಳೋ ಎಂದು ಕೇಳಿದಳು. ಆಗ ಅವಳಿಗೆ ಅಳು ಬಂತು. ಅಂದಿನ ಬಸ್ಸು ತಪ್ಪಿತು. ನಮ್ಮಲ್ಲಿಯೇ ಉಳಿದಳು.

ಈಗ ಅವಳು ಆಗಾಗ ಬರುತ್ತಾಳೆ. ನಾವಿಬ್ಬರೂ ಎಲ್ಲದಕ್ಕೂ ಜಗಳ ಆಡುತ್ತೇವೆ. ಅವಳು ಮೆಂತ್ಯ ಜಾಸ್ತಿ ಹಾಕುತ್ತಾಳೆ, ಮಲಗುವಾಗ ಕಿಟಕಿ ಮುಚ್ಚುತ್ತಾಳೆ, ನಾನು ಹಚ್ಚಿದ ದೀಪವನ್ನು ಸಣ್ಣ ಮಾಡುತ್ತಾಳೆ. ಯಾಕೆ ಎಂದು ಕೇಳುತ್ತೇನೆ. ಕೇಳಿದರೆ ಹೇಳುತ್ತಾಳೆ. ಕೆಲವು ಕಾರಣಗಳು ಒಪ್ಪುವಂತಿರುತ್ತವೆ. ಕೆಲವು ಕೇವಲ ಹಟ. ಹಟಕ್ಕೂ ಒಂದು ಕಾರಣವಿರುತ್ತದೆ, ಅದನ್ನು ಕೇಳುವಷ್ಟು ತಾಳ್ಮೆ ನನಗಿನ್ನೂ ಬಂದಿಲ್ಲ. ಮಹಬೂಬಿ ನನ್ನನ್ನು ನೋಡಿ, ಸೊಸೆ ಅತ್ತೆಯಾಗುತ್ತಿದ್ದಾಳೆ ಎನ್ನುತ್ತಾಳೆ. ಅದು ಹೊಗಳಿಕೆಯೋ, ದೂರೋ, ಅವಳ ಮುಖ ನೋಡಿದರೆ ತಿಳಿಯುವುದಿಲ್ಲ.

ತಿಮ್ಮಣ್ಣ ಬಹಳ ದಿನದ ಮೇಲೆ ಒಮ್ಮೆ ಬಂದಿದ್ದ. ಅವನನ್ನು ಕೂಡಿಸಿ ಆ ರೊಟ್ಟಿ ಹಬ್ಬದ ದಿನದ ಮಾತು ತೆಗೆದೆ. ಅವನಿಗೆ ಚೆನ್ನಾಗಿ ನೆನಪಿತ್ತು. ಬಂಡಿ ನಿಲ್ಲಿಸಿದಾಗ ಒಳಗಿನಿಂದ ಹೆಂಗಸರು ಅಳುವುದು ಕೇಳಿಸಿತ್ತಂತೆ. ಸಿದ್ದಮ್ಮ ಬುಟ್ಟಿಯನ್ನು ಅವನ ಕೈಗಿಟ್ಟು ಓಡುತ್ತ ಒಳಗೆ ಹೋದಳಂತೆ. ಅಷ್ಟೆಲ್ಲ ಕಂಡವನು ನಮ್ಮ ಅಂಗಳದಲ್ಲಿ ನಿಂತು ನೀರು ಕುಡಿದು ಸುಮ್ಮನೆ ಹೋದದ್ದು ಹೇಗೆ ಎಂದೆ.

“ನನ್ನ ಯಾರು ಕೇಳಿದ್ರವ್ವಾ?” ಎಂದ.

ಅವನ ಮಾತೂ ಸರಿ. ಹೀಗೆ ಆ ಬುಟ್ಟಿ ಯಾಕೆ ಖಾಲಿ ಬಂತೆಂಬುದು ಈಗ ನಮ್ಮ ಮನೆಯವರಿಗೆ ಗೊತ್ತು. ಮಾನ್ವಿಯವರಿಗೆ ಗೊತ್ತು. ಓಣಿಗೆ ಗೊತ್ತು. ಇದನ್ನು ಓದಿದ ನಿಮಗೂ ಗೊತ್ತು. ಅತ್ತೆಗೆ ಗೊತ್ತಿಲ್ಲ.